ಪ್ರಾಗ್‌ಗೆ ಒಬ್ಬರೇ ಹೊರಟಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳಲ್ಲಿ ನಾನೊಬ್ಬಳೇ ಪ್ರಾಗ್‌ಗೆ ಹೋಗಿ ಐದು ದಿನ ಇದ್ದು ಬಂದೆ. ಬಂದಾಗಿನಿಂದ ಮದುವೆಮನೆ ಊಟದ ಪಂಕ್ತಿಯಲ್ಲಿ, ಬೆಳಗಿನ ವಾಕಿಂಗ್‌ನಲ್ಲಿ, ಆಫೀಸಿನ ಕಾಫಿ ಹೊತ್ತಿನಲ್ಲಿ ಅವೇ ಪ್ರಶ್ನೆಗಳು. ಹೇಳಿ ಹೇಳಿ ಬಾಯಿಪಾಠ ಆಗಿದೆ. ಒಂದು ಕಡೆ ಬರೆದಿಟ್ಟರೆ ನನಗೂ ಆರಾಮ, ಕೇಳುವವರಿಗೂ ಆರಾಮ.

ಪ್ಯಾರಿಸ್, ರೋಮ್ ಬಿಟ್ಟು ಪ್ರಾಗ್ ಯಾಕೆ?

ಊರು ಕೈಗೆಟುಕುವಷ್ಟು ಚಿಕ್ಕದು, ಅದಕ್ಕೆ. ಹಳೇ ಪೇಟೆಯ ಚೌಕದಿಂದ ಹೊರಟು, ಸೇತುವೆ ದಾಟಿ, ಗುಡ್ಡ ಹತ್ತಿ ಕೋಟೆ ಸೇರಲು ನಿಧಾನಕ್ಕೆ ನಡೆದರೂ ಮುಕ್ಕಾಲು ಗಂಟೆ ಸಾಕು. ಒಬ್ಬರೇ ಹೋದಾಗ ದಾರಿ ತಪ್ಪಿದರೂ ತಲೆ ಕೆಡುವುದಿಲ್ಲ. ಎತ್ತ ಹೋದರೂ ನದಿ ಸಿಗುತ್ತದೆ, ತಲೆ ಎತ್ತಿದರೆ ಕೋಟೆ ಕಾಣುತ್ತದೆ.

ಎರಡನೇ ಮಹಾಯುದ್ಧದಲ್ಲಿ ವಾರ್ಸಾ, ಡ್ರೆಸ್ಡೆನ್ ಊರುಗಳು ನೆಲಸಮವಾದವು. ಪ್ರಾಗ್ ಹೆಚ್ಚುಕಡಿಮೆ ಹಾಗೇ ಉಳಿಯಿತು. ಹಾಗಾಗಿ ಒಂದೇ ಬೀದಿಯಲ್ಲಿ ಐದಾರು ಶತಮಾನದ ಮನೆಗಳು ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ. ಹಳೇ ಊರಿಗೆ 1992ರಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಜಾಗ ಸಿಕ್ಕಿತು.

ಎಷ್ಟು ದಿನ ಬೇಕು?

ನಾಲ್ಕು ರಾತ್ರಿ. ಮೂರಕ್ಕೆ ಓಟ ಆಗುತ್ತದೆ. ವಾರವಿಡೀ ಇರುವುದಾದರೆ ಹೊರಗಿನ ಊರು ಒಂದೆರಡು ಸೇರಿಸಿಕೊಳ್ಳಿ. "ಅಷ್ಟು ದೂರ ಹೋಗ್ತೀಯ, ವಿಯೆನ್ನಾ, ಬುಡಾಪೆಸ್ಟ್ ಎಲ್ಲಾ ಮುಗಿಸ್ಕೊಂಡು ಬಾ" ಅಂತ ಹೇಳುವವರು ಮನೆಗೊಬ್ಬರು ಇರುತ್ತಾರೆ. ತಲೆ ಆಡಿಸಿ, ಪ್ರಾಗ್ ಒಂದನ್ನೇ ನೋಡಿ ಬನ್ನಿ.

ಯಾವ ತಿಂಗಳು ಒಳ್ಳೆಯದು?

ಮೇ ಅಥವಾ ಸೆಪ್ಟೆಂಬರ್. ಜುಲೈ, ಆಗಸ್ಟ್‌ನಲ್ಲಿ ಜನಜಾತ್ರೆ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಸಂತೆ ಚೆನ್ನಾಗಿರುತ್ತದೆ, ಆದರೆ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಮೇ ತಿಂಗಳಲ್ಲಿ ಎಂಟೂವರೆ ತನಕ ಬೆಳಕಿರುತ್ತದೆ. ಒಬ್ಬರೇ ಇರುವವರಿಗೆ ಇದು ದೊಡ್ಡ ಅನುಕೂಲ.

ವೀಸಾ ಕಷ್ಟವಾ?

ಕಷ್ಟ ಇಲ್ಲ, ಕಾಗದಪತ್ರ ಜಾಸ್ತಿ. ಪ್ರಾಗ್ ಇರುವ ಜೆಕ್ ದೇಶ 2007ರ ಕೊನೆಯಿಂದ ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ. ಹಾಗಾಗಿ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 15 ದಿನ ಮುಂಚೆ ಹಾಕಲೇಬೇಕು. ಆದರೆ ಆ 15 ದಿನವನ್ನು ನಂಬಿ ಕೂರಬೇಡಿ, ಎರಡು ತಿಂಗಳು ಇಟ್ಟುಕೊಳ್ಳಿ. ಶುಲ್ಕ 90 ಯೂರೊ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ವೈದ್ಯಕೀಯ ಖರ್ಚಿಗಾಗುವ ಪ್ರಯಾಣ ವಿಮೆ ಕಡ್ಡಾಯ. ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನ ರಜೆ ಪತ್ರ, ಹೋಟೆಲ್ ಬುಕಿಂಗ್, ವಿಮಾನದ ಟಿಕೆಟ್, ದಿನಕ್ಕೊಂದು ಸಾಲಿನ ಪ್ರಯಾಣದ ವಿವರ, ಇಷ್ಟನ್ನು ಒಂದು ಫೈಲಿನಲ್ಲಿ ಜೋಡಿಸಿಕೊಳ್ಳಿ.

ಗಂಡನ ಒಪ್ಪಿಗೆ ಪತ್ರ ಬೇಕಾ ಅಂತ ಒಬ್ಬರು ಕೇಳಿದರು. ಬೇಡ.

ಬೆಂಗಳೂರಿನಿಂದ ನೇರ ವಿಮಾನ ಇದೆಯಾ?

ಇಲ್ಲ. ಫ್ರಾಂಕ್‌ಫರ್ಟ್, ದೋಹಾ, ದುಬೈ, ಹೀಗೆ ಎಲ್ಲೋ ಒಂದು ಕಡೆ ಬದಲಿಸಬೇಕು. ಒಂದು ಸೂಕ್ಷ್ಮ ಇದೆ. ಫ್ರಾಂಕ್‌ಫರ್ಟ್‌ನಲ್ಲಿ ಬದಲಿಸಿದರೆ ನೀವು ಷೆಂಗೆನ್ ಒಳಗೆ ಹೋಗುವುದು ಅಲ್ಲಿಯೇ. ಪಾಸ್‌ಪೋರ್ಟ್ ಸಾಲು, ಬೆರಳಚ್ಚು, ಫೋಟೊ ಎಲ್ಲ ಅಲ್ಲೇ ಮುಗಿಯುತ್ತದೆ. ಹಾಗಾಗಿ ಎರಡು ವಿಮಾನಗಳ ನಡುವೆ ಕಡಿಮೆ ಅಂದರೂ ಎರಡೂವರೆ ಗಂಟೆ ಇರಲಿ. ಫೈಲನ್ನು ಸೂಟ್‌ಕೇಸಿಗೆ ಹಾಕಬೇಡಿ, ಕೈಚೀಲದಲ್ಲೇ ಇರಲಿ.

ಪ್ರಾಗ್ ಏರ್‌ಪೋರ್ಟ್‌ಗೆ ಮೆಟ್ರೋ ಬರುವುದಿಲ್ಲ. 59ನೇ ನಂಬರಿನ ಟ್ರಾಲಿಬಸ್ ಹತ್ತಿ ವೆಲೆಸ್ಲಾವೀನ್ ನಿಲ್ದಾಣಕ್ಕೆ ಬನ್ನಿ, ಅಲ್ಲಿಂದ ಹಸಿರು ಮಾರ್ಗದ ಮೆಟ್ರೋ. ಎರಡಕ್ಕೂ ಒಂದೇ ಟಿಕೆಟ್ ನಡೆಯುತ್ತದೆ.

ಎಲ್ಲಿ ಉಳಿದುಕೊಳ್ಳಲಿ?

ಹಳೇ ಪೇಟೆ ಸ್ತಾರೆ ಮ್ಯೆಸ್ತೊ ನೋಡಲು ಚೆಂದ, ಮಲಗಲು ಅಲ್ಲ. ವಾರಾಂತ್ಯದ ರಾತ್ರಿ ಬೇರೆ ದೇಶಗಳಿಂದ ಕುಡಿಯಲೆಂದೇ ಬರುವ ಗುಂಪುಗಳ ಹಾಡು ಕಿಟಕಿ ಮುಚ್ಚಿದರೂ ಕೇಳುತ್ತದೆ. ನಾನು ಉಳಿದದ್ದು ವಿನೊಹ್ರಾಡಿ ಬಡಾವಣೆಯಲ್ಲಿ, ನಾಮ್ಯೆಸ್ತಿ ಮೀರು ಮೆಟ್ರೋ ಹತ್ತಿರ. ಮರಗಳ ಸಾಲು, ಬೇಕರಿ, ನಾಯಿ ಕರೆದುಕೊಂಡು ಹೊರಟ ಅಜ್ಜಂದಿರು. ಚೌಕಕ್ಕೆ ಮೆಟ್ರೋದಲ್ಲಿ ಹತ್ತು ನಿಮಿಷ.

ಆ ನಿಲ್ದಾಣ ಬಹಳ ಆಳದಲ್ಲಿದೆ. ಎಸ್ಕಲೇಟರ್ 87 ಮೀಟರ್ ಉದ್ದ, ವೇಗವೂ ನಮ್ಮ ಮಾಲ್‌ಗಳಿಗಿಂತ ಜಾಸ್ತಿ. ಮೊದಲ ದಿನ ಸೂಟ್‌ಕೇಸ್ ಹಿಡಿದು ಅದರ ಬಾಯಲ್ಲಿ ನಿಂತಾಗ ಬಾವಿಗೆ ಇಳಿಯುವ ಹಾಗೆ ಅನ್ನಿಸಿತು. ಬಲಕ್ಕೆ ನಿಲ್ಲಿ, ಎಡಗಡೆ ಆತುರದವರಿಗೆ.

ಯೂರೊ ತಗೊಂಡು ಹೋದರೆ ಸಾಕಲ್ವಾ?

ಸಾಲದು. ಅಲ್ಲಿ ನಡೆಯುವುದು ಕೊರುನಾ. ಒಂದು ಕೊರುನಾ ನಾಲ್ಕು ರೂಪಾಯಿಯ ಆಸುಪಾಸು. ಕೆಲವು ಅಂಗಡಿಯವರು ಯೂರೊ ತೆಗೆದುಕೊಳ್ಳುತ್ತಾರೆ, ಆದರೆ ಅವರು ಹೇಳಿದ್ದೇ ಲೆಕ್ಕ. ಫೋರೆಕ್ಸ್ ಕಾರ್ಡ್ ಇದ್ದರೆ ಹೆಚ್ಚಿನ ಕಡೆ ನಡೆಯುತ್ತದೆ. ಸಣ್ಣ ಖರ್ಚಿಗೆ ಬ್ಯಾಂಕಿನ ಎಟಿಎಮ್‌ನಿಂದ ಸ್ವಲ್ಪ ನಗದು ತೆಗೆಯಿರಿ. "ರೂಪಾಯಿ ಲೆಕ್ಕದಲ್ಲಿ ಕಡಿತ ಮಾಡಲಾ?" ಅಂತ ಯಂತ್ರ ಬಹಳ ಮರ್ಯಾದೆಯಿಂದ ಕೇಳುತ್ತದೆ. ಬೇಡ ಅನ್ನಿ. ಯಾವಾಗಲೂ ಕೊರುನಾ ಆರಿಸಿ.

ದುಡ್ಡು ಬದಲಿಸುವ ಅಂಗಡಿಗಳಲ್ಲಿ "ಕಮಿಷನ್ ಇಲ್ಲ" ಎಂಬ ಬೋರ್ಡ್ ಎಷ್ಟು ದೊಡ್ಡದೋ ಅಷ್ಟು ಹುಷಾರಾಗಿರಿ. ಅವರು ಕತ್ತರಿ ಹಾಕುವುದು ದರದಲ್ಲಿ. ಮೋಸ ಹೋದಿರಿ ಅನ್ನಿಸಿದರೆ, ಬದಲಿಸಿದ ಮೂರು ಗಂಟೆಯ ಒಳಗೆ ರಸೀದಿ ಹಿಡಿದು ಹೋಗಿ ವ್ಯವಹಾರ ರದ್ದು ಮಾಡಿಸಬಹುದು. ಸಾವಿರ ಯೂರೊ ಮೊತ್ತದವರೆಗೆ ಅಲ್ಲಿನ ಕಾನೂನೇ ಹಾಗಿದೆ.

ನಾಣ್ಯ ಇಟ್ಟುಕೊಂಡಿರಿ. ಹಲವು ಕಡೆ ಸಾರ್ವಜನಿಕ ಶೌಚಾಲಯಕ್ಕೆ ದುಡ್ಡು ಕೊಡಬೇಕು.

ಟ್ರಾಮ್, ಮೆಟ್ರೋ ಅರ್ಥ ಆಗುತ್ತಾ?

ಎರಡನೇ ದಿನಕ್ಕೆ ಆಗುತ್ತದೆ. ಮೆಟ್ರೋ ಮಾರ್ಗ ಮೂರೇ: ಹಸಿರು, ಹಳದಿ, ಕೆಂಪು. 24 ಅಥವಾ 72 ಗಂಟೆಯ ಟಿಕೆಟ್ ತಗೊಂಡರೆ ಬಸ್ಸು, ಟ್ರಾಮ್, ಮೆಟ್ರೋ ಎಲ್ಲದಕ್ಕೂ ಆಯಿತು.

ಈಗ ನನ್ನ ದಡ್ಡತನದ ಕತೆ. ಯಂತ್ರದಿಂದ ಕಾಗದದ ಟಿಕೆಟ್ ತಗೊಂಡೆ, ಪರ್ಸಿನಲ್ಲಿ ಜೋಪಾನವಾಗಿ ಇಟ್ಟೆ, ಮೆಟ್ರೋ ಹತ್ತಿದೆ. ಇಳಿದಾಗ ಸಾದಾ ಬಟ್ಟೆಯ ಇಬ್ಬರು ಬಿಲ್ಲೆ ತೋರಿಸಿ ಟಿಕೆಟ್ ಕೇಳಿದರು. ಹೆಮ್ಮೆಯಿಂದ ಕೊಟ್ಟೆ. ಅವರು ತಿರುಗಿಸಿ ನೋಡಿ, ಮೂಲೆಯ ಖಾಲಿ ಜಾಗಕ್ಕೆ ಬೆರಳಿಟ್ಟರು. ಅಲ್ಲಿ ಸಮಯದ ಮುದ್ರೆ ಇರಬೇಕಿತ್ತು. ಎಸ್ಕಲೇಟರಿನ ಮುಂಚೆ ಇರುವ ಹಳದಿ ಡಬ್ಬಿಯೊಳಗೆ ಟಿಕೆಟ್ ತೂರಿಸಿ "ಟಕ್" ಅನ್ನಿಸದಿದ್ದರೆ ಟಿಕೆಟ್ ಇದ್ದೂ ಇಲ್ಲದ ಹಾಗೆ. ದಂಡ ಕಟ್ಟಿದೆ. ತಪ್ಪು ನನ್ನದೇ, ಡಬ್ಬಿ ಪಕ್ಕದಲ್ಲೇ ನಡೆದು ಬಂದಿದ್ದೆ. ಒಂದು ಸಲ ಮುದ್ರೆ ಬಿದ್ದರೆ ಸಾಕು, ಪ್ರತಿ ಸಲ ಬೇಡ. ಟ್ರಾಮಿನೊಳಗೆ ಕಾರ್ಡ್ ತಾಗಿಸಿ ತಗೊಂಡ ಟಿಕೆಟ್‌ಗೆ ಈ ತಾಪತ್ರಯ ಇಲ್ಲ.

ಹೆಂಗಸು ಒಬ್ಬಳೇ ಹೋದರೆ ಭಯ ಇಲ್ವಾ?

ನಮ್ಮ ದೊಡ್ಡಮ್ಮನ ಪ್ರಶ್ನೆ ಇದು. ರಾತ್ರಿ ಹತ್ತಕ್ಕೆ ಟ್ರಾಮಿನಲ್ಲಿ ಒಬ್ಬಳೇ ಬಂದಿದ್ದೇನೆ, ಏನೂ ಆಗಲಿಲ್ಲ. ಅಲ್ಲಿನ ಭಯ ಜೇಬುಗಳ್ಳರದ್ದು. ಹಳೇ ಪೇಟೆ ಚೌಕದ ದೊಡ್ಡ ಗಡಿಯಾರದ ಕೆಳಗಿನ ಗುಂಪು, ಚಾರ್ಲ್ಸ್ ಸೇತುವೆ, 22ನೇ ನಂಬರಿನ ಟ್ರಾಮ್, ಈ ಮೂರು ಕಡೆ ಬ್ಯಾಗು ಬೆನ್ನಿಗಲ್ಲ, ಎದೆಗೆ. ರಸ್ತೆಯಲ್ಲಿ ನಿಂತ ಟ್ಯಾಕ್ಸಿ ಹತ್ತಬೇಡಿ, ಆ್ಯಪ್‌ನಲ್ಲಿ ಕರೆಸಿ. ತುರ್ತು ನಂಬರ್ 112.

ಮನೆಯವರ ಸಮಾಧಾನಕ್ಕೆ ದಿನಾ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಬೇಸಿಗೆಯಲ್ಲಿ ಪ್ರಾಗ್ ನಮಗಿಂತ ಮೂರೂವರೆ ಗಂಟೆ ಹಿಂದೆ. ನಾನು ಅಲ್ಲಿನ ಸಂಜೆ ಐದಕ್ಕೆ ಫೋನ್ ಮಾಡುತ್ತಿದ್ದೆ, ಇಲ್ಲಿ ಅಮ್ಮನ ಊಟ ಮುಗಿದಿರುತ್ತಿತ್ತು.

ಸಸ್ಯಾಹಾರಿಗಳು ಉಪವಾಸ ಇರಬೇಕಾ?

ಖಂಡಿತ ಇಲ್ಲ. ಆದರೆ ಜೆಕ್ ಅಡುಗೆ ಮೂಲತಃ ಮಾಂಸದ್ದು, ಅದನ್ನು ಒಪ್ಪಿಕೊಂಡೇ ಮೆನು ತೆರೆಯಿರಿ. "ಬೆಜ್ ಮಾಸಾ" ಅಂದರೆ ಮಾಂಸ ಇಲ್ಲದ್ದು. ಮಾಸೊ ಅಂದರೆ ಮಾಂಸವೇ, ಮರೆಯುವ ಹಾಗಿಲ್ಲ. "ಷುಂಕಾ" ಕಂಡರೆ ಬಿಟ್ಟುಬಿಡಿ, ಅದು ಹಂದಿಮಾಂಸ. ಸೂಪಿಗೆ ಬಳಸಿದ ನೀರು ಮೂಳೆಯದ್ದಾ ಅಂತ ಕೇಳಿ ತಗೊಳ್ಳಿ.

ಸ್ಮಾಜೆನೀ ಸೀರ್ ಎಲ್ಲ ಕಡೆ ಸಿಗುತ್ತದೆ. ದಪ್ಪ ಚೀಸ್ ತುಂಡಿಗೆ ಬ್ರೆಡ್ ಪುಡಿ ಹಚ್ಚಿ ಕರಿದದ್ದು, ಜೊತೆಗೆ ಆಲೂಗಡ್ಡೆ. ಮೊದಲ ದಿನ ಅಮೃತ, ಮೂರನೇ ದಿನ ಸಾಕಪ್ಪಾ. ಬ್ರಾಂಬೊರಾಕ್ ನನಗೆ ಬಹಳ ಹಿಡಿಸಿತು. ಆಲೂಗಡ್ಡೆ ತುರಿದು, ಬೆಳ್ಳುಳ್ಳಿ ಹಾಕಿ, ಹಿಟ್ಟಿನಲ್ಲಿ ಕಲಸಿ ರೊಟ್ಟಿ ಹಾಗೆ ಕರಿಯುತ್ತಾರೆ. ಮೊದಲ ತುತ್ತಿಗೇ ಯಾವುದೋ ಗೊತ್ತಿರುವ ಪರಿಮಳ. ಏನು ಅಂತ ಹೊಳೆಯಲಿಲ್ಲ. ಅರ್ಧ ತಿಂದ ಮೇಲೆ ಗೊತ್ತಾಯಿತು: ಮರುಗ! ನಾವು ಮಲ್ಲಿಗೆ, ಕನಕಾಂಬರದ ನಡುವೆ ಸೇರಿಸಿ ಕಟ್ಟುವ ಅದೇ ಮರುಗವನ್ನು ಅವರು ಒಣಗಿಸಿ ಆಲೂಗಡ್ಡೆಗೆ ಹಾಕುತ್ತಾರೆ. ಪ್ರಾಗ್‌ನಲ್ಲಿ ಕೂತು ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲು ಮೂಸಿದೆ. ಮೊಟ್ಟೆ ತಿನ್ನದವರು ಮಾತ್ರ ಕೇಳಿ ತಗೊಳ್ಳಿ, ಬ್ರಾಂಬೊರಾಕ್‌ಗೆ ಮೊಟ್ಟೆ ಬೀಳುತ್ತದೆ. ಕೆಲವರು ಹಂದಿ ಕೊಬ್ಬಿನಲ್ಲಿ ಕರಿಯುವುದೂ ಉಂಟು.

ಸಿಹಿಗೆ ಹಣ್ಣಿನ ಕ್ನೆಡ್ಲೀಕಿ ತಿನ್ನಿ. ಒಳಗೆ ಪ್ಲಮ್ ಅಥವಾ ಸ್ಟ್ರಾಬೆರಿ ಇಟ್ಟು ಬೇಯಿಸಿದ ಕಡುಬು, ಮೇಲೆ ಬೆಣ್ಣೆ ಸಕ್ಕರೆ. ಬೀದಿ ಬೀದಿಯಲ್ಲಿ "ಹಳೇ ಬೊಹೆಮಿಯಾದ ತಿಂಡಿ" ಅಂತ ಸುರುಳಿ ಸುತ್ತಿ ಕೆಂಡದ ಮೇಲೆ ಸುಡುವ ತ್ರ್‌ದೆಲ್ನೀಕ್ ಇದೆಯಲ್ಲ, ಅದು ಪ್ರಾಗ್‌ನಲ್ಲಿ ಹೀಗೆ ಹಬ್ಬಿದ್ದು ತೀರಾ ಇತ್ತೀಚೆಗೆ, ಪ್ರವಾಸಿಗರಿಗಾಗಿ. ವಾಸನೆ ಚೆನ್ನಾಗಿದೆ, ಅಷ್ಟೇ.

ನಲ್ಲಿ ನೀರು ಕುಡಿಯಬಹುದು.

ಒಬ್ಬರೇ ಹೋಟೆಲಲ್ಲಿ ಕೂತು ತಿನ್ನೋದು ಮುಜುಗರ ಅಲ್ವಾ?

ನಿಜ ಹೇಳಬೇಕೆಂದರೆ ಇಡೀ ಪ್ರವಾಸದಲ್ಲಿ ಕಷ್ಟವಾದದ್ದು ಇದೊಂದೇ. ಹಗಲು ಹೊತ್ತು ಒಬ್ಬಳೇ ಅನ್ನಿಸುವುದೇ ಇಲ್ಲ. ಸಂಜೆ ಏಳಕ್ಕೆ, ಎಲ್ಲ ಮೇಜಿನಲ್ಲೂ ನಾಲ್ಕು ನಾಲ್ಕು ಜನ ನಗುತ್ತಿರುವಾಗ, ಬಾಗಿಲಲ್ಲಿ ನಿಂತು ಒಂದು ಬೆರಳು ತೋರಿಸುವುದಿದೆಯಲ್ಲ, ಅದು ಸ್ವಲ್ಪ ಚುಚ್ಚುತ್ತದೆ.

ನಾನು ಮಾಡಿದ್ದು ಹೀಗೆ. ದೊಡ್ಡ ಊಟ ಮಧ್ಯಾಹ್ನಕ್ಕೆ. ಆಗ ಅಲ್ಲಿನ ಆಫೀಸಿನವರೂ ಒಬ್ಬೊಬ್ಬರೇ ಬಂದು ದಿನದ ಮೆನು ತಿಂದು ಹೋಗುತ್ತಾರೆ, ದರವೂ ಕಡಿಮೆ. ಸಂಜೆ ಸಣ್ಣ ತಿಂಡಿ, ನದಿ ದಂಡೆ. ಒಂದು ರಾತ್ರಿ ಮಾತ್ರ ಧೈರ್ಯ ಮಾಡಿ ಬಿಯರ್ ಮನೆಗೆ ಹೋದೆ. ಅಲ್ಲಿ ಮೇಜು ಹಂಚಿಕೊಳ್ಳುವುದು ರೂಢಿ. ಮಾತಿಲ್ಲದೆ ಜಾಗ ಕೊಟ್ಟರು. ಮೇಜಿನ ಮೇಲೆ ಒಂದು ಉದ್ದದ ಚೀಟಿ, ಲೋಟ ಬಂದ ಹಾಗೆಲ್ಲ ಪರಿಚಾರಕ ಅದರ ಮೇಲೆ ಪೆನ್ಸಿಲ್ ಗೀಟು ಹಾಕುತ್ತಾ ಹೋಗುತ್ತಾನೆ, ನಮ್ಮ ಹಾಲಿನವರ ಲೆಕ್ಕದ ಹಾಗೆ. ನಾನು ಕುಡಿಯುವುದಿಲ್ಲ, ಕೊಫೊಲಾ ಹೇಳಿದೆ. 1960ರಿಂದ ಅವರು ಮಾಡಿಕೊಂಡು ಬಂದ ಕೋಲಾ ಅದು. ರುಚಿ? ಕೋಲಾಗೆ ಯಾರೋ ಕಷಾಯ ಬೆರೆಸಿದ ಹಾಗೆ. ಎರಡು ಗೀಟು ಹಾಕಿಸಿಕೊಂಡೆ.

ಚಾರ್ಲ್ಸ್ ಸೇತುವೆಗೆ ಯಾವಾಗ ಹೋಗಲಿ?

ಬೆಳಿಗ್ಗೆ ಐದೂವರೆಗೆ. ಇದೊಂದು ಮಾತು ಕೇಳಿದರೆ ಮಿಕ್ಕಿದ್ದೆಲ್ಲ ಮರೆತರೂ ಪರವಾಗಿಲ್ಲ. ಹತ್ತು ಗಂಟೆಗೆ ಅದೇ ಸೇತುವೆಯಲ್ಲಿ ತೇರಿನ ದಿನದ ರಥಬೀದಿಯಷ್ಟು ಜನ. ಗುಂಪಿನಲ್ಲಿ ಬಂದವರಿಗೆ ಎಲ್ಲರನ್ನೂ ಎಬ್ಬಿಸಿ ಹೊರಡಿಸುವಷ್ಟರಲ್ಲಿ ಎಂಟಾಗುತ್ತದೆ. ಒಬ್ಬರೇ ಇದ್ದರೆ ಚಪ್ಪಲಿ ಮೆಟ್ಟಿದರೆ ಆಯಿತು.

ನಾಲ್ಕನೇ ಚಾರ್ಲ್ಸ್ ದೊರೆ 1357ರಲ್ಲಿ ಕಟ್ಟಿಸಲು ಶುರು ಮಾಡಿದ್ದು. ಏಳನೇ ತಿಂಗಳು 9ನೇ ತಾರೀಕು ಬೆಳಿಗ್ಗೆ 5 ಗಂಟೆ 31 ನಿಮಿಷಕ್ಕೆ ಮೊದಲ ಕಲ್ಲು ಇಟ್ಟರು ಅಂತ ಕತೆ. ಇಸವಿ, ತಾರೀಕು, ತಿಂಗಳು, ಗಂಟೆ, ನಿಮಿಷ ಸಾಲಾಗಿ ಬರೆದು ನೋಡಿ: 135797531. ಏರಿ ಇಳಿಯುವ ಬೆಸ ಸಂಖ್ಯೆಗಳು. ಮುಹೂರ್ತ ನೋಡುವ ಚಾಳಿ ನಮಗೊಬ್ಬರಿಗೇ ಅಲ್ಲ.

516 ಮೀಟರ್ ಉದ್ದಕ್ಕೂ ಎರಡೂ ಕಡೆ 30 ವಿಗ್ರಹಗಳು, ಬಹಳಷ್ಟು ಈಗ ನಕಲು. ನೆಪೊಮುಕ್‌ನ ಯೋಹಾನನ ವಿಗ್ರಹದ ಹತ್ತಿರ ನಿಲ್ಲಿ. ಈ ಪಾದ್ರಿಯನ್ನು 1393ರಲ್ಲಿ ಆಗಿನ ದೊರೆಯ ಆಜ್ಞೆಯಂತೆ ವ್ಲ್ತವಾ ನದಿಗೆ ಎಸೆದರು. ಪೀಠದ ಫಲಕಗಳು ಕಪ್ಪಗಿವೆ. ಅದೃಷ್ಟಕ್ಕೆ ಅಂತ ಜನ ಮುಟ್ಟುವ ಜಾಗ ಮಾತ್ರ ಬಂಗಾರದ ಹಾಗೆ ಹೊಳೆಯುತ್ತದೆ. ನಮ್ಮ ದೇವಸ್ಥಾನಗಳ ನಂದಿಯ ಬೆನ್ನು ನೆನಪಾಯಿತು. ನಾನೂ ಮುಟ್ಟಿದೆ. ಹಿಂದೆ ಸರದಿಯಲ್ಲಿ ಯಾರೂ ಇರಲಿಲ್ಲ.

ಆ ಗಡಿಯಾರ ನೋಡುವಂಥದ್ದಾ?

ನೋಡುವಂಥದ್ದೇ, ಆದರೆ ಎಲ್ಲರೂ ನೋಡುವ ಹೊತ್ತಿಗಲ್ಲ. ಗಂಟೆಗೊಮ್ಮೆ ಅಸ್ಥಿಪಂಜರ ಹಗ್ಗ ಎಳೆಯುತ್ತದೆ, ಕಿಟಕಿಯಲ್ಲಿ ಯೇಸುವಿನ ಹನ್ನೆರಡು ಶಿಷ್ಯರು ಸುತ್ತು ಬರುತ್ತಾರೆ, ಕೊನೆಗೆ ಕೋಳಿ ಕೂಗುತ್ತದೆ. ಒಂದು ನಿಮಿಷದ ಆಟ. ಅಷ್ಟರಲ್ಲಿ ನಿಮಗೆ ಕಾಣುವುದು ಮುಂದಿನವರು ಎತ್ತಿ ಹಿಡಿದ ಫೋನು.

ಗಂಟೆ ಹೊಡೆದು ಜನ ಚದುರಿದ ಮೇಲೆ ಮುಂದಕ್ಕೆ ಹೋಗಿ ಮುಖಫಲಕ ನೋಡಿ. ಇದು 1410ರದ್ದು. ಬರೀ ಗಂಟೆ ತೋರಿಸುವುದಿಲ್ಲ, ಗೋಡೆಗೆ ನೇತುಹಾಕಿದ ಪಂಚಾಂಗ ಇದು. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಷ್ಟು ತುಂಬಿದ್ದಾನೆ, ಸೂರ್ಯ ಮುಳುಗಿ ಎಷ್ಟು ಗಂಟೆಯಾಯಿತು, ಎಲ್ಲ ಇದೆ. ನಾನು ಹೋದದ್ದು ಮೇ ಮೊದಲ ವಾರ. ಮನೆಯ ಪಂಚಾಂಗದಲ್ಲಿ ಸೂರ್ಯ ಇನ್ನೂ ಮೇಷ, ಇಲ್ಲಿ ಆಗಲೇ ವೃಷಭ. ಅವರದ್ದು ವಿಷುವದಿಂದ ಎಣಿಸುವ ಸಾಯನ ಲೆಕ್ಕ, ನಮ್ಮದು ನಕ್ಷತ್ರಗಳಿಂದ ಎಣಿಸುವ ನಿರಯನ, ಅದಕ್ಕೇ ಮೂರು ವಾರಕ್ಕೂ ಜಾಸ್ತಿ ವ್ಯತ್ಯಾಸ.

ಹಾಗೇ ಕೆಳಗೂ ನೋಡಿ. ಗಡಿಯಾರ ಇರುವ ಹಳೇ ಪುರಭವನದ ಮಗ್ಗುಲಲ್ಲಿ ನೆಲಕ್ಕೆ 27 ಬಿಳಿ ಶಿಲುಬೆಗಳನ್ನು ಕೂಡಿಸಿದ್ದಾರೆ. 1621ರ ಜೂನ್‌ನಲ್ಲಿ ಇಲ್ಲಿ 27 ಜನ ಬಂಡಾಯದ ಮುಖಂಡರನ್ನು ಕೊಂದರು. ಐಸ್‌ಕ್ರೀಮ್ ಹಿಡಿದವರು ಅದರ ಮೇಲೇ ನಿಂತು ಗಡಿಯಾರ ನೋಡುತ್ತಿರುತ್ತಾರೆ.

ಕೋಟೆಗೆ ಅರ್ಧ ದಿನ ಸಾಕಾ?

ಸಾಕು. ಹತ್ತಿ ಸುಸ್ತಾಗಬೇಡಿ. 22ನೇ ಟ್ರಾಮಿನಲ್ಲಿ ಕೋಟೆಯನ್ನೂ ದಾಟಿ ಪೊಹೊರ್ಝೆಲೆಟ್ಸ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಸ್ತ್ರಾಹೊವ್ ಮಠದ ಗ್ರಂಥಾಲಯ ನೋಡಿಕೊಂಡು, ಕೋಟೆ ಸುತ್ತಿ, ನೆರುದಾ ಬೀದಿಯಲ್ಲಿ ಇಳಿದರೆ ಎಲ್ಲ ಇಳಿಜಾರೇ. ಅಂಗಳಗಳಿಗೆ ಟಿಕೆಟ್ ಇಲ್ಲ, ಒಳಗಿನ ಕಟ್ಟಡಗಳಿಗೆ ಬೇಕು. ಸಂತ ವೀಟ್ ಚರ್ಚ್ 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿದದ್ದು. ನಮ್ಮ ಫ್ಲೈಓವರ್‌ಗಳನ್ನು ಬೈಯುವ ಮುಂಚೆ ಇದನ್ನು ನೆನಪಿಡಿ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಪ್ರವಾಸಿಗರನ್ನು ಬಿಡುವುದಿಲ್ಲ.

ಹಳೇ ಅರಮನೆಯಲ್ಲಿ ಒಂದು ಸಾಧಾರಣ ಕಿಟಕಿ ಇದೆ. 1618ರಲ್ಲಿ ಸಿಟ್ಟಿಗೆದ್ದ ಪ್ರೊಟೆಸ್ಟಂಟ್ ಮುಖಂಡರು ದೊರೆಯ ಇಬ್ಬರು ಅಧಿಕಾರಿಗಳನ್ನೂ ಒಬ್ಬ ಗುಮಾಸ್ತನನ್ನೂ ಅಲ್ಲಿಂದ ಹೊರಕ್ಕೆಸೆದರು. ಮೂವರೂ ಬದುಕಿದರು. ಆದರೆ ಅಲ್ಲಿಂದ ಹತ್ತಿದ ಬೆಂಕಿ ಮೂವತ್ತು ವರ್ಷದ ಯುದ್ಧವಾಯಿತು. ಚೌಕದ ಆ 27 ಶಿಲುಬೆಗಳ ಲೆಕ್ಕ ಶುರುವಾಗುವುದು ಈ ಕಿಟಕಿಯಿಂದ. ಮೊದಲು ಕೋಟೆ ನೋಡಿ ಆಮೇಲೆ ಚೌಕಕ್ಕೆ ಬಂದರೆ ಅರ್ಥ ಆಗುತ್ತದೆ. ನಾನು ಉಲ್ಟಾ ನೋಡಿದೆ.

ಯಹೂದಿಗಳ ಕೇರಿ?

ಶನಿವಾರ ಮುಚ್ಚಿರುತ್ತದೆ, ಬೇರೆ ದಿನ ಬೆಳಿಗ್ಗೆಯೇ ಹೋಗಿ. ಪಿಂಕಾಸ್ ಪ್ರಾರ್ಥನಾ ಮಂದಿರದ ಗೋಡೆಗಳ ಮೇಲೆ ನಾಜಿಗಳು ಕೊಂದ 77 ಸಾವಿರಕ್ಕೂ ಹೆಚ್ಚು ಜನರ ಹೆಸರು ಕೈಯಲ್ಲಿ ಬರೆದಿದ್ದಾರೆ. ದೂರದಿಂದ ಬೂದು ಬಣ್ಣದ ಗೋಡೆ ಅನ್ನಿಸುತ್ತದೆ, ಹತ್ತಿರ ಹೋದರೆ ಅಕ್ಷರ. ಪಕ್ಕದ ಹಳೇ ಸ್ಮಶಾನದಲ್ಲಿ ಜಾಗ ಸಾಲದೆ ಸಮಾಧಿಯ ಮೇಲೆ ಸಮಾಧಿ, ಕೆಲವು ಕಡೆ ಹನ್ನೆರಡು ಪದರ. ಅಲ್ಲಿಂದ ಬಂದ ಮೇಲೆ ಎರಡು ಗಂಟೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

ಒಂದು ದಿನ ಹೊರಗೆ ಹೋಗಬಹುದಾ?

ಕುಟ್ನಾ ಹೋರಾ. ಮುಖ್ಯ ರೈಲು ನಿಲ್ದಾಣದಿಂದ ಸುಮಾರು ಒಂದು ಗಂಟೆ. ನಮಗೆ ಕೋಲಾರದ ಚಿನ್ನ ಇದ್ದ ಹಾಗೆ ಅವರಿಗೆ ಇಲ್ಲಿನ ಬೆಳ್ಳಿ. ಸೆಡ್ಲೆಟ್ಸ್‌ನ ಎಲುಬಿನ ಗುಡಿ ಇಲ್ಲೇ ಇದೆ. ಸುಮಾರು 40 ಸಾವಿರ ಜನರ ಮೂಳೆ ಜೋಡಿಸಿ ತೋರಣ, ತೂಗುದೀಪ ಮಾಡಿದ್ದಾರೆ. ಒಳಗೆ ಫೋಟೊ ತೆಗೆಯುವ ಹಾಗಿಲ್ಲ, ಅದೇ ಒಳ್ಳೆಯದು.

ಭಾಷೆ?

ಪ್ರವಾಸಿಗರ ಜಾಗದಲ್ಲಿ ಇಂಗ್ಲಿಷ್ ನಡೆಯುತ್ತದೆ. ಅಂಗಡಿಗೆ ಕಾಲಿಡುವಾಗ "ದೊಬ್ರೀ ದೆನ್" (ನಮಸ್ಕಾರ) ಅನ್ನಿ, ಹೊರಡುವಾಗ "ದ್ಯೆಕುಯಿ" (ಧನ್ಯವಾದ) ಅನ್ನಿ. ಅನ್ನದಿದ್ದರೆ ಮುಖ ಗಂಟಿಕ್ಕುತ್ತಾರೆ, ಅಂದರೆ ನಗುತ್ತಾರೆ.

ಮೆಟ್ರೋದಲ್ಲಿ ಪ್ರತಿ ನಿಲ್ದಾಣದಲ್ಲೂ ಒಂದೇ ಘೋಷಣೆ, ಅದರ ಕೊನೆಗೆ "ದ್ವೆರ್ಝೆ ಸೆ ಜವೀರಾಯೀ". ಬಾಗಿಲು ಮುಚ್ಚುತ್ತಿದೆ ಅಂತ. ದ್ವೆರ್ಝೆ ಅಂದರೆ ದ್ವಾರ! ಆಮೇಲೆ ಹುಡುಕುವ ಹುಚ್ಚು ಹತ್ತಿತು. ಎರಡಕ್ಕೆ ದ್ವಾ, ಮೂರಕ್ಕೆ ತ್ರ್ಝಿ, ನೂರಕ್ಕೆ ಸ್ತೊ, ಬೆಂಕಿಗೆ ಒಹೆನ್ಯ್, ಆಕಾಶಕ್ಕೆ ನೆಬೆ. ದ್ವಿ, ತ್ರಿ, ಶತ, ಅಗ್ನಿ, ನಭ. ಒಬ್ಬರೇ ಇದ್ದರೆ ತಲೆ ಇಂಥದಕ್ಕೆಲ್ಲ ಪುರಸೊತ್ತು ಮಾಡಿಕೊಳ್ಳುತ್ತದೆ.

ಏನು ಹಾಕಿಕೊಂಡು ಹೋಗಲಿ?

ಬಟ್ಟೆ ನಿಮ್ಮಿಷ್ಟ, ಒಂದು ಜಾಕೆಟ್, ಒಂದು ಕೊಡೆ ಇರಲಿ. ಶೂ ಮಾತ್ರ ಹಳೆಯದು, ಕಾಲಿಗೆ ಪಳಗಿದ್ದು. ಬೀದಿಗಳೆಲ್ಲ ಸಣ್ಣ ಸಣ್ಣ ಕಲ್ಲಿನ ಹಾಸು. ಹೊಸ ಶೂಗೆ ಮಧ್ಯಾಹ್ನದೊಳಗೆ ಹಿಮ್ಮಡಿ ಸುಲಿದು ಹೋಗುತ್ತದೆ. ಅಂದಹಾಗೆ, ನಮ್ಮೂರಿನದ್ದೇ ಅಂದುಕೊಂಡಿದ್ದ ಬಾಟಾ ಅವರದ್ದು! 1894ರಲ್ಲಿ ಜ್ಲೀನ್ ಊರಿನಲ್ಲಿ ಶುರುವಾದದ್ದು. ವೆನ್‌ಸೆಸ್ಲಾಸ್ ಚೌಕದಲ್ಲಿ ಅವರ 1929ರ ಗಾಜಿನ ಕಟ್ಟಡ ಈಗಲೂ ಇದೆ.

ನಮ್ಮ ಎರಡು ಪಿನ್ನಿನ ಚಾರ್ಜರ್ ಅಲ್ಲಿ ಹಿಡಿಯುತ್ತದೆ. ಮೂರು ಪಿನ್ನಿನದ್ದಕ್ಕೆ ಅಡಾಪ್ಟರ್ ಬೇಕು.

ಬರುವಾಗ ಏನು ತರಲಿ?

ಸ್ಪಾ ಊರುಗಳ ತೆಳು ವೇಫರ್ ಬಿಲ್ಲೆ ಒಪ್ಲಾಟ್ಕಿ ತನ್ನಿ, ಹಗುರ. ಬೊಹೆಮಿಯಾ ಗಾಜು ಚೆಂದ, ಭಾರ. ಒಂದರೊಳಗೊಂದು ಕೂರುವ ಮರದ ಗೊಂಬೆ ಅಲ್ಲಿ ಎಲ್ಲ ಅಂಗಡಿಯಲ್ಲಿದೆ, ಅದು ರಷ್ಯಾದ್ದು.

ನಾನು ಮೈಸೂರಿನವನು. ಅಲ್ಲಿ ನಮಗೆ ಸಂಬಂಧಪಟ್ಟದ್ದು ಏನಾದರೂ ಇದೆಯಾ?

ಇದೆ. ಜಾವಾ! 1929ರಲ್ಲಿ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಬೈಕಿನ ಹಕ್ಕು ಕೊಂಡು, ಎರಡೂ ಹೆಸರಿನ ಮೊದಲ ಎರಡೆರಡು ಅಕ್ಷರ ಸೇರಿಸಿ ಜಾವಾ ಅಂತ ಪ್ರಾಗ್‌ನಲ್ಲಿ ಶುರು ಮಾಡಿದ. ಅದೇ ಬೈಕು 1960ರ ದಶಕದ ಆರಂಭದಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಯಿತು. ಆಮೇಲೆ ಯೆಜ್ದಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಲೆತ್ನಾ ಗುಡ್ಡದ ರಾಷ್ಟ್ರೀಯ ತಾಂತ್ರಿಕ ಮ್ಯೂಸಿಯಂಗೆ ಹೋಗಿ, ಸೋಮವಾರ ರಜೆ. ವಾಹನಗಳ ದೊಡ್ಡ ಸಭಾಂಗಣದಲ್ಲಿ ಕಾರು, ರೈಲು, ತಲೆಮೇಲೆ ವಿಮಾನ, ಅವುಗಳ ನಡುವೆ ಜಾವಾ. ನಮ್ಮಪ್ಪ ಇಪ್ಪತ್ತು ವರ್ಷ ಓಡಿಸಿದ ಬೈಕಿನ ಅಜ್ಜ. ಫೋಟೊ ತೆಗೆದು ಅಲ್ಲಿಂದಲೇ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು. ಹೇಗಿದ್ದೀಯ, ಊಟ ಆಯ್ತಾ, ಏನೂ ಇಲ್ಲ. "ಕಿಕ್ಕರ್ ಎಡಗಡೆನೇ ಇದೆಯಾ ನೋಡು" ಅಂದರು. ಮೈಸೂರಿನ ಜಾವಾದಲ್ಲಿ ಕಿಕ್ಕರ್ರೇ ಗೇರ್ ಲಿವರ್ರೂ ಆಗಿತ್ತು, ಒದ್ದು ಸ್ಟಾರ್ಟ್ ಮಾಡಿ ಅದನ್ನೇ ತಿರುಗಿಸಿದರೆ ಗೇರ್. ನಾನು ತೆಗೆದದ್ದು ಬಲಗಡೆಯ ಫೋಟೊ. ಅಷ್ಟರಲ್ಲಿ ಮ್ಯೂಸಿಯಂನಿಂದ ಹೊರಗೆ ಬಂದು ಟ್ರಾಮ್ ಹತ್ತಿ ಆಗಿತ್ತು.

ನೀವು ಹೋದರೆ ಎಡಗಡೆಯದ್ದು ತೆಗೆದು ಕಳಿಸಿ. ಅಪ್ಪ ಇನ್ನೂ ಕೇಳುತ್ತಿದ್ದಾರೆ.